ರಿಪೋರ್ಟ್ ಬಂದಿದೆ, ಚಿಕಿತ್ಸೆ ಇನ್ನೂ ಶುರುವಾಗಿಲ್ಲ: ನಡುವಿನ ಈ ವಾರಗಳನ್ನು ಕಳೆಯುವುದು ಹೇಗೆ?

ಪ್ರಶ್ನೆ: ನನಗೆ 44 ವರ್ಷ. ಎರಡು ವಾರದ ಹಿಂದೆ ಬಯಾಪ್ಸಿ ರಿಪೋರ್ಟ್ ಬಂತು. ಎಡ ಸ್ತನದಲ್ಲಿ ಕ್ಯಾನ್ಸರ್. ಇನ್ನೊಂದು ರಿಪೋರ್ಟ್ ಮತ್ತು ಸ್ಕ್ಯಾನ್ ಬಾಕಿ ಇದೆ, ಚಿಕಿತ್ಸೆಗೆ ಇನ್ನೂ ಮೂರು ವಾರ ಆಗಬಹುದು ಎಂದಿದ್ದಾರೆ. ಅಷ್ಟರಲ್ಲಿ ಗಡ್ಡೆ ಬೆಳೆದುಬಿಟ್ಟರೆ? ಮೊದಲು ಆಪರೇಷನ್ ಮಾಡಿ ತೆಗೆದುಬಿಡಬಾರದಾ? ಎಲ್ಲರೂ "ಧೈರ್ಯವಾಗಿರು, ಒಳ್ಳೆಯದನ್ನೇ ಯೋಚಿಸು" ಎನ್ನುತ್ತಾರೆ. ನಾನು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತೇನೆ. ಅತ್ತರೆ ಕಾಯಿಲೆ ಜಾಸ್ತಿಯಾಗುತ್ತದೇನೋ ಎಂಬ ಭಯ ಬೇರೆ. ನನ್ನ ಗಂಡ ರಾತ್ರಿಯೆಲ್ಲ ಇಂಟರ್ನೆಟ್ ನೋಡಿ ಬೆಳಿಗ್ಗೆ ಯಾವುದೋ ಶೇಕಡಾ ಲೆಕ್ಕ ಹೇಳುತ್ತಾರೆ. 14 ವರ್ಷದ ಮಗಳಿಗೆ ಇನ್ನೂ ಹೇಳಿಲ್ಲ. ಹೊಲಿಗೆ ನನಗೆ ಇಷ್ಟದ ಕೆಲಸ. ಅರ್ಧ ಹೊಲಿದ ಬಟ್ಟೆಗಳು ಹಾಗೇ ಬಿದ್ದಿವೆ. ಮುಗಿಸಿ ಏನಾಗಬೇಕು ಅನ್ನಿಸುತ್ತದೆ. ಭರವಸೆ ಇಟ್ಟುಕೊಳ್ಳುವುದು ಹೇಗೆ?

ಉತ್ತರ: ಮೊದಲು ಅಳುವಿನ ಮಾತು ಮುಗಿಸೋಣ. ಅಳಿ. ಬೇಕಾದರೆ ನಲ್ಲಿ ನಿಲ್ಲಿಸಿಯೇ ಅಳಿ. ಅತ್ತರೆ ಗಡ್ಡೆ ಬೆಳೆಯುವುದಿಲ್ಲ.

ಇದನ್ನು ನಿಮ್ಮ ಸಮಾಧಾನಕ್ಕೆ ಹೇಳುತ್ತಿಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೇಮ್ಸ್ ಕೊಯ್ನ್ ಮತ್ತು ಅವರ ತಂಡ ತಲೆ ಹಾಗೂ ಕುತ್ತಿಗೆಯ ಕ್ಯಾನ್ಸರ್ ಇದ್ದ 1,093 ಜನರನ್ನು ಗಮನಿಸಿ, 2007ರಲ್ಲಿ ಫಲಿತಾಂಶ ಪ್ರಕಟಿಸಿತು. ಮನಸ್ಸು ಗೆಲುವಾಗಿದ್ದವರು ಹೆಚ್ಚು ಕಾಲ ಬದುಕಿದರಾ, ಕುಗ್ಗಿದ್ದವರು ಬೇಗ ಹೋದರಾ ಎಂಬುದು ಅವರ ಪ್ರಶ್ನೆ. ಅಂಥ ಸಂಬಂಧ ಕಾಣಲಿಲ್ಲ. ಈ ಫಲಿತಾಂಶ ಕೇಳಿ ಕೆಲವರಿಗೆ ಬೇಜಾರಾಗುತ್ತದೆ. ನನಗೆ ಮಾತ್ರ ಇದು ರೋಗಿಗಳಿಗೆ ಸಿಕ್ಕ ದೊಡ್ಡ ಬಿಡುಗಡೆ ಅನ್ನಿಸುತ್ತದೆ. ಕಾಯಿಲೆಯ ಜೊತೆಗೆ "ನಾನು ಸರಿಯಾಗಿ ಯೋಚಿಸುತ್ತಿಲ್ಲ" ಎಂಬ ಅಪರಾಧದ ಹೊರೆಯನ್ನೂ ಹೊರುವವರನ್ನು ಎಷ್ಟೋ ವರ್ಷಗಳಿಂದ ನೋಡುತ್ತಿದ್ದೇನೆ. ಆ ಹೊರೆ ಇಳಿಸಿ. ಮನಸ್ಸಿಗೆ ಆರೈಕೆ ಬೇಡ ಎಂದಲ್ಲ. ಖಂಡಿತ ಬೇಕು. ನಿಮ್ಮ ದಿನಗಳು ಸಹ್ಯವಾಗಲಿ, ರಾತ್ರಿ ನಿದ್ದೆ ಬರಲಿ ಎಂದು ಬೇಕು. ಗಡ್ಡೆಯನ್ನು ನೋಡಿಕೊಳ್ಳುವುದು ಔಷಧಿಯ ಕೆಲಸ.

ಇನ್ನು ಕಾಯುವ ವಿಷಯ. ನಿಮ್ಮ ನಿಜವಾದ ಭಯ ಇಲ್ಲೇ ಇದೆ, ಅದಕ್ಕೆ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಮ್ಮ ಲೆಕ್ಕದಲ್ಲಿ ಕ್ಯಾನ್ಸರ್ ಶುರುವಾಗಿದ್ದು ಎರಡು ವಾರದ ಹಿಂದೆ, ರಿಪೋರ್ಟ್ ಕೈಗೆ ಬಂದ ದಿನ. ಗಡ್ಡೆಯ ಲೆಕ್ಕ ಬೇರೆ. ಒಂದು ಸೆಂಟಿಮೀಟರ್ ಗಡ್ಡೆಯಲ್ಲಿ ಸುಮಾರು ನೂರು ಕೋಟಿ ಜೀವಕೋಶ ಇರುತ್ತವೆ ಎಂಬುದು ವೈದ್ಯರು ಬಹುಕಾಲದಿಂದ ಹೇಳಿಕೊಂಡು ಬಂದ ಅಂದಾಜು. ಒಂದು ಎರಡಾಗಿ, ಎರಡು ನಾಲ್ಕಾಗಿ, ಹೀಗೆ ಸುಮಾರು 30 ಸಲ ಆದರೆ ಆ ಸಂಖ್ಯೆ ಬರುತ್ತದೆ. ಸ್ತನದ ಗಡ್ಡೆಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ವರ್ಷಗಳೇ ಹಿಡಿಯುತ್ತವೆ. ಅಂದರೆ ನೀವು ಏನೂ ಗೊತ್ತಿಲ್ಲದೆ ನಗುತ್ತಾ ಓಡಾಡಿಕೊಂಡಿದ್ದಾಗಲೂ ಅದು ಅಲ್ಲೇ ಇತ್ತು. ಈಗ ಗೊತ್ತಾಗಿದೆ ಅಷ್ಟೇ. ಗೊತ್ತಾದ ದಿನದಿಂದ ಅದು ಓಟ ಕಿತ್ತಿಲ್ಲ.

ಕಾಯಲೇ ಬಾರದ ಕಾಯಿಲೆಗಳೂ ಇವೆ. ತೀವ್ರ ರಕ್ತ ಕ್ಯಾನ್ಸರ್ ಬಂದರೆ ಕೆಲವೇ ದಿನಗಳಲ್ಲಿ, ಕೆಲವೊಮ್ಮೆ ಅದೇ ದಿನ ಚಿಕಿತ್ಸೆ ಶುರು ಮಾಡುತ್ತಾರೆ. ಬೆನ್ನುಹುರಿಯನ್ನು ಗಡ್ಡೆ ಒತ್ತುತ್ತಿದ್ದರೆ ಗಂಟೆಗಳ ಲೆಕ್ಕ. ಅಂಥವರನ್ನು ಯಾವ ವೈದ್ಯರೂ "ಮೂರು ವಾರ ಬಿಟ್ಟು ಬನ್ನಿ" ಎಂದು ಕಳಿಸುವುದಿಲ್ಲ. ನಿಮ್ಮನ್ನು ಪರೀಕ್ಷೆಗಳಿಗೆ ಕಳಿಸಿದ್ದಾರೆ ಎಂದರೆ ಪರೀಕ್ಷೆಗೆ ಸಮಯ ಇದೆ ಎಂದೇ ಅರ್ಥ.

ಹಾಗೆಂದು ತಡವಾದರೂ ಪರವಾಗಿಲ್ಲ ಎಂದು ನಾನು ಹೇಳಲಾರೆ, ಅದು ಸುಳ್ಳಾಗುತ್ತದೆ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ತನಗೆ ತಾನೇ ಹಾಕಿಕೊಂಡಿರುವ ಗಡುವು ನೋಡಿ: ಕ್ಯಾನ್ಸರ್ ಅನುಮಾನದಿಂದ ತುರ್ತಾಗಿ ಕಳಿಸಿದ ದಿನದಿಂದ ಮೊದಲ ಚಿಕಿತ್ಸೆಗೆ 62 ದಿನ, ಚಿಕಿತ್ಸೆ ಹೀಗೆ ಎಂದು ತೀರ್ಮಾನವಾದ ಮೇಲೆ 31 ದಿನ. ನಿಮ್ಮ ಐದು ವಾರ ಆ 62 ದಿನದೊಳಗೇ ಬರುತ್ತದೆ. ಪರೀಕ್ಷೆಗೆ ಬೇಕಾದ ವಾರಗಳು ಸರಿ. ಆದರೆ ರಿಪೋರ್ಟ್ ಎಲ್ಲೋ ಮೇಜಿನ ಮೇಲೆ ಬಿದ್ದು ಕಳೆಯುವ ವಾರ ಬೇಡ. ಯಾರದೋ ಮಾತು ಕೇಳಿ ಬೇರೆ ಪ್ರಯೋಗಕ್ಕೆ ಹೋಗಿ ಕಳೆಯುವ ತಿಂಗಳಂತೂ ಬೇಡವೇ ಬೇಡ. ಆದ್ದರಿಂದ ಒಂದು ಪ್ರಶ್ನೆ ಕೇಳಿಟ್ಟುಕೊಳ್ಳಿ: "ಇಂಥ ದಿನದೊಳಗೆ ಫೋನ್ ಬರದಿದ್ದರೆ ನಾನು ಯಾರಿಗೆ ಕರೆ ಮಾಡಬೇಕು?" ಹೆಸರು, ನಂಬರ್ ಬರೆದುಕೊಳ್ಳಿ. ದಿನ ದಾಟಿದರೆ ಸಂಕೋಚಪಡದೆ ಕರೆ ಮಾಡಿ. ನನ್ನ ಸ್ವಂತ ಅಕ್ಕನ ರಿಪೋರ್ಟ್ ಒಮ್ಮೆ ಒಂಬತ್ತು ದಿನ ಸುಮ್ನೆ ಒಂದು ಕಡೆ ಕೂತಿತ್ತು. ನಾನೂ ವೈದ್ಯನೇ, ಆದರೂ "ಅವರೇ ಹೇಳುತ್ತಾರೆ ಬಿಡು" ಎಂದು ಕಾಯುತ್ತಾ ಕೂತಿದ್ದೆ. ಆಮೇಲೆ ಕೇಳಿದರೆ, ಎಂದೋ ಸಿದ್ಧವಾಗಿತ್ತು. ಅಂದಿನಿಂದ ಎಲ್ಲರಿಗೂ ಹೇಳುತ್ತೇನೆ, ಕೇಳಿದರೆ ಯಾರೂ ಕೆಟ್ಟ ರೋಗಿ ಆಗುವುದಿಲ್ಲ.

ಬಾಕಿ ಇರುವ ಆ ರಿಪೋರ್ಟಿನಲ್ಲಿ ಏನಿರುತ್ತದೆ? ಬಯಾಪ್ಸಿಯಲ್ಲಿ ತೆಗೆದ ಚೂರನ್ನು ಅದು ಕೆಡದಂತೆ ಕಾಯುವ ದ್ರಾವಣವಾದ ಫಾರ್ಮಲಿನ್‌ನಲ್ಲಿ ಇಡಬೇಕು. ಕನಿಷ್ಠ 6 ಗಂಟೆ, 72 ಗಂಟೆ ಮೀರಬಾರದು. ಆಮೇಲೆ ಅದನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿ ನೋಡುತ್ತಾರೆ. ಅದು ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದು ಮೊದಲ ಉತ್ತರ. ಅದು ಯಾವ ಜಾತಿಯ ಕ್ಯಾನ್ಸರ್ ಎಂಬುದು ಎರಡನೆಯದು. ಇದನ್ನು ಹೇಳುವ ಪರೀಕ್ಷೆಗೇ ಐಎಚ್‌ಸಿ ಎನ್ನುವುದು. ಇಆರ್, ಪಿಆರ್ ಎಂಬ ಎರಡು ಹಾರ್ಮೋನ್ ಗುರುತುಗಳು, ಹರ್-2 ಎಂಬ ಪ್ರೋಟೀನ್ ಗುರುತು, ಈ ಮೂರನ್ನು ಮುಖ್ಯವಾಗಿ ಹುಡುಕುತ್ತಾರೆ. ಹರ್-2ಗೆ 0ಯಿಂದ 3+ ವರೆಗೆ ಅಂಕ. 3+ ಬಂದರೆ ಇದೆ ಎಂದು ಖಚಿತ. 2+ ಬಂದರೆ ಅತ್ತಲೂ ಇಲ್ಲ ಇತ್ತಲೂ ಇಲ್ಲ. ಆಗ ಫಿಶ್ ಎಂಬ ಇನ್ನೊಂದು ಪರೀಕ್ಷೆ ಬೇಕು, ಅದಕ್ಕೆ ಮತ್ತೆ ಕೆಲವು ದಿನ. "ಇನ್ನೊಂದು ಟೆಸ್ಟ್ ಬೇಕಂತೆ" ಎಂದ ಕೂಡಲೇ ಎಲ್ಲರ ಎದೆ ಧಸಕ್ಕೆನ್ನುತ್ತದೆ. ಎಷ್ಟೋ ಸಲ ಕಾರಣ ಇಷ್ಟೇ ಆಗಿರುತ್ತದೆ.

ಈಗ ನಿಮ್ಮ ಇನ್ನೊಂದು ಪ್ರಶ್ನೆ: ಮೊದಲು ತೆಗೆದುಬಿಡಬಾರದಾ? ಎಲ್ಲರಿಗೂ ಹೀಗೇ ಅನ್ನಿಸುತ್ತದೆ. ಮೈಯಲ್ಲಿ ಬೇಡದ್ದು ಇದೆ, ಕಿತ್ತು ಹಾಕಿದರೆ ಸಾಕು ಅಂತ. ಆದರೆ ಚಿಕಿತ್ಸೆಯ ಸರದಿ ಆ ಮೂರು ಗುರುತುಗಳ ಮೇಲೂ ನಿಂತಿದೆ. ಹಾರ್ಮೋನ್ ಗುರುತು ಇರುವ ಸಣ್ಣ ಗಡ್ಡೆಯಾದರೆ ಸಾಮಾನ್ಯವಾಗಿ ಆಪರೇಷನ್ ಮೊದಲು, ಕೆಲವರಿಗೆ ಕೀಮೋ ಬೇಕಾಗುವುದೇ ಇಲ್ಲ, ಮಾತ್ರೆ ಸಾಕಾಗುತ್ತದೆ. ಹರ್-2 ಇದ್ದು, ಅಥವಾ ಮೂರೂ ಗುರುತು ಇಲ್ಲದೆ, ಗಡ್ಡೆ ಸ್ವಲ್ಪ ದೊಡ್ಡದಾಗಿದ್ದರೆ ಅನೇಕ ಸಲ ಕೀಮೋ ಮೊದಲು. ಗಡ್ಡೆ ಕುಗ್ಗಿದರೆ ಸ್ತನ ಉಳಿಸಿಕೊಂಡೇ ಆಪರೇಷನ್ ಮಾಡಲು ಆಗಬಹುದು. ಅದಕ್ಕಿಂತ ದೊಡ್ಡ ಲಾಭ, ಈ ಔಷಧಿ ನಿಮ್ಮ ಗಡ್ಡೆಗೆ ನಾಟುತ್ತಿದೆಯಾ ಎಂದು ಕಣ್ಣಾರೆ ಗೊತ್ತಾಗುತ್ತದೆ. ಅವಸರದಲ್ಲಿ ಮೊದಲೇ ತೆಗೆದುಬಿಟ್ಟರೆ ಆ ಅವಕಾಶ ತಪ್ಪಿಹೋಗುತ್ತದೆ. ಒಂದು ಕಾಲಕ್ಕೆ ಹರ್-2 ಇದೆ ಎಂದರೆ ವೈದ್ಯರ ಮುಖ ಸಣ್ಣದಾಗುತ್ತಿತ್ತು. 1998ರಲ್ಲಿ ಅಮೆರಿಕದಲ್ಲಿ ಟ್ರಾಸ್ಟುಜುಮ್ಯಾಬ್ ಔಷಧಿಗೆ ಅನುಮತಿ ಸಿಕ್ಕಿತು. ಅದು ನೇರವಾಗಿ ಆ ಪ್ರೋಟೀನಿಗೇ ಅಂಟಿಕೊಳ್ಳುತ್ತದೆ. ಭಯ ಹುಟ್ಟಿಸುತ್ತಿದ್ದ ಗುರುತೇ ಔಷಧಿಗೆ ಹಿಡಿ ಆಯಿತು. ಆ ಔಷಧಿ ಕೆಲವರ ಹೃದಯಕ್ಕೆ ತೊಂದರೆ ಕೊಡಬಹುದು, ಅದಕ್ಕೇ ಮೊದಲು ಎಕೋ ಪರೀಕ್ಷೆ. ನಿಮಗೂ ಎಕೋ ಬರೆದುಕೊಟ್ಟರೆ "ಹೃದಯಕ್ಕೂ ಏನೋ ಆಗಿದೆ" ಎಂದು ಹೆದರಬೇಡಿ.

ಅಂದರೆ ನೀವು ಸುಮ್ನೆ ಕಾಯುತ್ತಿಲ್ಲ. ಹೊರಗಿನಿಂದ ಏನೂ ಕಾಣದಿದ್ದರೂ ಒಳಗೆ ಕೆಲಸ ನಡೆಯುತ್ತಿದೆ. ಎಲ್ಲ ರಿಪೋರ್ಟ್ ಬಂದ ಮೇಲೆ ಆಪರೇಷನ್ ಮಾಡುವವರು, ಕೀಮೋ ಕೊಡುವವರು, ರೇಡಿಯೇಷನ್ ಕೊಡುವವರು, ಸ್ಕ್ಯಾನ್ ಓದುವವರು ಒಟ್ಟಿಗೆ ಕೂತು ಮಾತಾಡುತ್ತಾರೆ. ಅದೇ ಟ್ಯೂಮರ್ ಬೋರ್ಡ್. ನಿಮ್ಮ ವಿಷಯ ಅಲ್ಲಿ ಬರುತ್ತದಾ, ಯಾವಾಗ ಎಂದು ಕೇಳಬಹುದು.

ಇನ್ನು ಭರವಸೆ. ನಮ್ಮ ಭಾಷೆಯಲ್ಲಿ ಈ ಪದಕ್ಕೆ ಎರಡು ಅರ್ಥ, ಗಮನಿಸಿದ್ದೀರಾ? ಮಾತು ಕೊಡುವುದೂ ಭರವಸೆ. ಮನಸ್ಸಿನೊಳಗೆ ಇಟ್ಟುಕೊಳ್ಳುವುದೂ ಭರವಸೆ. ಸುತ್ತಲಿನವರು ನಿಮಗೆ ಮೊದಲನೆಯದನ್ನು ಕೊಡುತ್ತಿದ್ದಾರೆ: "ನಿನಗೇನೂ ಆಗಲ್ಲ, ಎಲ್ಲ ಸರಿಹೋಗುತ್ತೆ." ಪ್ರೀತಿಯಿಂದಲೇ ಹೇಳುತ್ತಾರೆ, ಪಾಪ. ಆದರೆ ಅಂಥ ಮಾತು ಕೊಡಲು ಅವರ ಹತ್ತಿರ ಏನಿದೆ? ನಿಮಗೂ ಅದು ಗೊತ್ತು. ಅದಕ್ಕೇ ಆ ಮಾತು ಕೇಳಿದಾಗ ಧೈರ್ಯ ಬರುವ ಬದಲು ಒಂಟಿ ಅನ್ನಿಸುತ್ತದೆ. ನಿಮಗೆ ಬೇಕಿರುವುದು ಎರಡನೆಯ ಭರವಸೆ. ಅದಕ್ಕೆ ಕೊನೆ ಹೇಗಿರುತ್ತದೆ ಎಂದು ಗೊತ್ತಿರಬೇಕಿಲ್ಲ.

ಕಾನ್ಸಾಸ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಸಿ. ಆರ್. ಸ್ನೈಡರ್ 1990ರ ದಶಕದಲ್ಲಿ ಭರವಸೆಯನ್ನು ಬಿಡಿಸಿ ನೋಡಿದರು. ಅವರ ಪ್ರಕಾರ ಅದರಲ್ಲಿ ಇರುವುದು ಒಂದು ಗುರಿ, ಅಲ್ಲಿಗೆ ಹೋಗುವ ದಾರಿಗಳು, ಆ ದಾರಿಯಲ್ಲಿ ನಾನು ನಡೆಯಬಲ್ಲೆ ಎಂಬ ಅನಿಸಿಕೆ. ನನಗೆ ಇದು ಇಷ್ಟವಾಗುವುದು ಯಾಕೆಂದರೆ, ಗುರಿ ಎಷ್ಟು ದೂರ ಇರಬೇಕು ಎಂಬ ನಿಯಮ ಇದರಲ್ಲಿಲ್ಲ. "ಹತ್ತು ವರ್ಷ ಬದುಕಬೇಕು" ಎಂಬುದು ಗುರಿಯೇ. ಆದರೆ ಇವತ್ತು ಬೆಳಿಗ್ಗೆ ಆ ಗುರಿಯತ್ತ ಇಡಬಹುದಾದ ಹೆಜ್ಜೆ ಯಾವುದು ಎಂದು ಕಾಣುವುದಿಲ್ಲ, ಅದಕ್ಕೇ ಕೈಕಾಲು ಸೋಲುತ್ತದೆ. "ಶುಕ್ರವಾರದ ಸ್ಕ್ಯಾನ್ ಹೊತ್ತಿಗೆ ನನ್ನ ಪ್ರಶ್ನೆಗಳೆಲ್ಲ ಒಂದು ಹಾಳೆಯಲ್ಲಿರಬೇಕು" ಎಂಬುದೂ ಗುರಿಯೇ. ಅದಕ್ಕೆ ದಾರಿ ಇದೆ. ಒಂದು ಪೆನ್ನು ಸಾಕು. ಸದ್ಯಕ್ಕೆ ಇಷ್ಟು ಹತ್ತಿರದವನ್ನೇ ಇಟ್ಟುಕೊಳ್ಳಿ.

ನಿಮ್ಮ ಗಂಡ ಹೇಳುವ ಶೇಕಡಾ ಲೆಕ್ಕಕ್ಕೆ ಬರುತ್ತೇನೆ. ಸ್ಟೀಫನ್ ಜೇ ಗೌಲ್ಡ್ ಎಂಬ ಪ್ರಸಿದ್ಧ ಅಮೆರಿಕನ್ ಜೀವವಿಜ್ಞಾನಿಗೆ 1982ರಲ್ಲಿ, ಅವರ 40ನೇ ವಯಸ್ಸಿನಲ್ಲಿ, ಹೊಟ್ಟೆಯ ಒಳಪೊರೆಯ ಮೆಸೊಥೆಲಿಯೋಮ ಎಂಬ ಅಪರೂಪದ ಕ್ಯಾನ್ಸರ್ ಪತ್ತೆಯಾಯಿತು. ಗ್ರಂಥಾಲಯಕ್ಕೆ ಹೋಗಿ ನೋಡಿದರೆ, ಪತ್ತೆಯಾದ ಮೇಲೆ ರೋಗಿಗಳು ಬದುಕುವ ಕಾಲದ ಮಧ್ಯಾಂಕ ಎಂಟು ತಿಂಗಳು ಎಂದಿತ್ತು. ಬೇರೆಯವರಾಗಿದ್ದರೆ "ನನಗಿನ್ನು ಎಂಟು ತಿಂಗಳು" ಎಂದು ಓದಿಕೊಳ್ಳುತ್ತಿದ್ದರು. ಅವರು ಅಂಕಿಗಳ ಜೊತೆ ಪಳಗಿದವರು. ಅರ್ಧ ಜನ ಎಂಟು ತಿಂಗಳೊಳಗೆ ಎಂದರೆ ಇನ್ನರ್ಧ ಜನ ಅದರಾಚೆಗೆ ಅಲ್ವಾ? ಆ ಆಚೆಯ ಅರ್ಧ ಎಷ್ಟು ದೂರ ಚಾಚಿದೆ? ತುಂಬಾ ದೂರ ಎಂದು ಅವರಿಗೆ ಕಂಡಿತು. ಅವರು ಮತ್ತೆ 20 ವರ್ಷ ಬದುಕಿ 2002ರಲ್ಲಿ ತೀರಿಕೊಂಡರು, ಅದೂ ಬೇರೊಂದು ಕ್ಯಾನ್ಸರಿನಿಂದ. ಎಲ್ಲರೂ ಗೌಲ್ಡ್ ಆಗುತ್ತಾರೆ ಎಂದು ಹೇಳಲು ಈ ಕಥೆ ಹೇಳಲಿಲ್ಲ. ನಿಮ್ಮ ಕಾಯಿಲೆ ಅವರದಕ್ಕಿಂತ ಬೇರೆಯೇ, ಸ್ತನ ಕ್ಯಾನ್ಸರಿಗೆ ಇರುವಷ್ಟು ಔಷಧಿಗಳು ಅದಕ್ಕೆ ಇವತ್ತಿಗೂ ಇಲ್ಲ. ಸರಾಸರಿ ಎಂಬುದು ಗುಂಪಿನದು, ಅದರಲ್ಲಿ ನಿಮ್ಮ ಹೆಸರಿಲ್ಲ ಎಂಬುದಕ್ಕೆ ಹೇಳಿದೆ. ಐದು ವರ್ಷದ ಲೆಕ್ಕ ಕೊಡಬೇಕಾದರೆ ಐದು ವರ್ಷ ಕಾದಿರಬೇಕು. ಅಂದರೆ ನಿಮ್ಮ ಗಂಡ ಓದುತ್ತಿರುವುದು ಹಳೆಯ ರೋಗಿಗಳ, ಹಳೆಯ ಚಿಕಿತ್ಸೆಯ ಲೆಕ್ಕ. ನಿಮ್ಮ ಸ್ಟೇಜ್, ನಿಮ್ಮ ಗುರುತುಗಳು ಇನ್ನೂ ಪೂರ್ತಿ ಗೊತ್ತಾಗದೆ ಇರುವಾಗ ಅವರು ಯಾವ ಸಾಲು ಓದುತ್ತಿದ್ದಾರೆ? ಯಾವುದು ಎಂದು ಅವರಿಗೂ ಗೊತ್ತಿಲ್ಲ.

ಅವರ ಮೇಲೆ ಸಿಟ್ಟಾಗಬೇಡಿ. ಹೆದರಿದ ಮನುಷ್ಯ ಏನಾದರೂ ಮಾಡಬೇಕಲ್ಲ, ಅದಕ್ಕೆ ಹುಡುಕುತ್ತಿದ್ದಾರೆ. ಅವರಿಗೆ ಬೇರೆ ಕೆಲಸ ಕೊಡಿ. ಎಲ್ಲ ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಒಂದು ಫೈಲಿಗೆ ಹಾಕುವುದು. ವೈದ್ಯರನ್ನು ಕಾಣುವಾಗ ಜೊತೆಗೆ ಕೂತು ಬರೆದುಕೊಳ್ಳುವುದು, ಒಪ್ಪಿದರೆ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡುವುದು. ಗಾಬರಿಯಲ್ಲಿ ಕೇಳಿದ ಮಾತು ತಲೆಯಲ್ಲಿ ನಿಲ್ಲುವುದಿಲ್ಲ, ಬಾಗಿಲು ದಾಟುವಷ್ಟರಲ್ಲಿ ಅರ್ಧ ಮರೆತಿರುತ್ತದೆ. ನೆಂಟರ ಫೋನ್ ಕರೆಗಳಿಗೂ ಅವರೇ ಉತ್ತರಿಸಲಿ. ಒಂದೇ ಕಥೆಯನ್ನು ದಿನಕ್ಕೆ ಎಂಟು ಸಲ ಹೇಳುವುದು ಯಾರಿಗಾದರೂ ಸಾಕಾಗುತ್ತದೆ. ಇನ್ನೊಂದು ಒಪ್ಪಂದ ಮಾಡಿಕೊಳ್ಳಿ: ರಾತ್ರಿ ಊಟವಾದ ಮೇಲೆ ಅಂಕಿಗಳ ಮಾತಿಲ್ಲ, ರಿಪೋರ್ಟ್ ಫೋನಿಗೆ ಬಂದರೂ ರಾತ್ರಿ ತೆರೆಯುವುದಿಲ್ಲ. ರಾತ್ರಿ ಹತ್ತಕ್ಕೆ ಓದಿದ ಪದದ ಅರ್ಥ ಹೇಳಲು ಬೆಳಗಿನವರೆಗೆ ಯಾರೂ ಸಿಗುವುದಿಲ್ಲ.

ರಾತ್ರಿ ಮೂರು ಗಂಟೆ ಅತಿ ಕಷ್ಟದ ಹೊತ್ತು. ಚಿಂತೆ ಬೇಡ ಎಂದುಕೊಂಡರೆ ಅದು ಇನ್ನೂ ಜೋರಾಗಿ ಬರುತ್ತದೆ. ಅದಕ್ಕೆ ಹಗಲಿನಲ್ಲೇ ಒಂದು ಜಾಗ ಕೊಡಿ. ಸಂಜೆ ಒಂದು ಇಪ್ಪತ್ತು ನಿಮಿಷ ಕೂತು, ಭಯಗಳನ್ನೆಲ್ಲ ಕಾಗದದ ಮೇಲೆ ಬರೆಯಿರಿ. ಯಾವುದಕ್ಕೆ ವೈದ್ಯರ ಬಳಿ ಉತ್ತರ ಇದೆಯೋ ಅದನ್ನು ಪ್ರಶ್ನೆಯ ಹಾಳೆಗೆ ಹಾಕಿ. ಯಾರ ಬಳಿಯೂ ಉತ್ತರ ಇಲ್ಲದ್ದನ್ನು ಅಲ್ಲೇ ಬಿಡಿ, ನಾಳೆ ಸಂಜೆ ಮತ್ತೆ ನೋಡಿದರಾಯಿತು. ರಾತ್ರಿ ಎಚ್ಚರವಾಗಿ ಇಪ್ಪತ್ತು ನಿಮಿಷವಾದರೂ ನಿದ್ದೆ ಬರದಿದ್ದರೆ ಹಾಸಿಗೆ ಬಿಟ್ಟು ಏಳಿ. ಮಂದ ಬೆಳಕಿನಲ್ಲಿ ಬೇಸರದ ಕೆಲಸ ಏನಾದರೂ ಮಾಡಿ, ತೂಕಡಿಕೆ ಬಂದಾಗ ಮಲಗಿ. ನಾಲ್ಕೈದು ರಾತ್ರಿ ಹೀಗೇ ಆದರೆ ವೈದ್ಯರಿಗೆ ಹೇಳಿ. ಸ್ವಲ್ಪ ದಿನದ ಮಟ್ಟಿಗೆ ನಿದ್ದೆ ಮಾತ್ರೆ ತೆಗೆದುಕೊಂಡರೆ ಅದು ಸೋಲಲ್ಲ.

ಕ್ಯಾನ್ಸರ್ ವಿಭಾಗಗಳಲ್ಲಿ ಒಂದು ಸರಳ ಅಳತೆ ಬಳಸುತ್ತಾರೆ. ಥರ್ಮಾಮೀಟರಿನ ಚಿತ್ರ, 0ಯಿಂದ 10. ಈ ವಾರ ಮನಸ್ಸಿನ ಸಂಕಟ ಎಷ್ಟಿತ್ತು ಎಂದು ರೋಗಿಯೇ ಗುರುತು ಹಾಕಬೇಕು. 4 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಕೂತು ಮಾತಾಡಿಸಬೇಕು ಎಂಬುದು ಪದ್ಧತಿ. ನಿಮ್ಮ ಪತ್ರ ಓದಿದರೆ 4 ದಾಟಿದೆ ಅನ್ನಿಸುತ್ತದೆ. ಅಲ್ಲಿ ಆಪ್ತ ಸಲಹೆಗಾರರು ಇದ್ದಾರಾ ಎಂದು ಕೇಳಿ. ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಬಂದರೂ ಮುಂದಿನ ಭೇಟಿಗೆ ಕಾಯಬೇಡಿ, ಅವತ್ತೇ ಯಾರಿಗಾದರೂ ಹೇಳಿ.

ದೇಹವನ್ನೂ ಸ್ವಲ್ಪ ಸಿದ್ಧ ಮಾಡಿಕೊಳ್ಳಬಹುದು. ದಿನಾ ಅರ್ಧ ಗಂಟೆ ನಡೆಯಿರಿ, ಆಗದಿದ್ದರೆ ಹತ್ತು ಹತ್ತು ನಿಮಿಷ ಮೂರು ಸಲ. ಹೊಟ್ಟೆ ತುಂಬ ತಿನ್ನಿ. ಸಕ್ಕರೆ ಬಿಟ್ಟರೆ ಗಡ್ಡೆ ಸಾಯುತ್ತದೆ ಎಂದು ಊಟ ಬಿಟ್ಟು ಸೊರಗಿ ಬರುವವರನ್ನು ನೋಡಿ ನನಗೆ ಸಿಟ್ಟು ಬರುತ್ತದೆ, ಅವರ ಮೇಲಲ್ಲ, ಹಾಗೆ ಹೇಳಿದವರ ಮೇಲೆ. ಹಲ್ಲಿನಲ್ಲಿ ತೊಂದರೆ ಇದ್ದರೆ ಕೀಮೋಗೆ ಮೊದಲೇ ತೋರಿಸಿ. ಮನೆಯಲ್ಲಿ ತೆಗೆದುಕೊಳ್ಳುವ ಎಲ್ಲ ಮಾತ್ರೆ, ಪುಡಿ, ಕಷಾಯದ ಪಟ್ಟಿ ವೈದ್ಯರಿಗೆ ಕೊಡಿ. ಗಿಡಮೂಲಿಕೆ ಎಂದರೆ ಏನೂ ಮಾಡುವುದಿಲ್ಲ ಎಂದಲ್ಲ. ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ ಕೆಲವು ಕ್ಯಾನ್ಸರ್ ಔಷಧಿಗಳ ಬಲವನ್ನೇ ತಗ್ಗಿಸುತ್ತದೆ. ಸಿಗರೇಟ್ ಸೇದುವ ಅಭ್ಯಾಸ ಇರುವ ಓದುಗರು ಇದನ್ನು ನೋಡುತ್ತಿದ್ದರೆ ಇವತ್ತೇ ನಿಲ್ಲಿಸಿ, ಆಪರೇಷನ್ನಿಗೆ ನಾಲ್ಕು ವಾರ ಮೊದಲು ಬಿಟ್ಟರೂ ಗಾಯ ಚೆನ್ನಾಗಿ ಮಾಯುತ್ತದೆ. ನಿಮಗಿಂತ ಚಿಕ್ಕವರು, ಮುಂದೆ ಮಕ್ಕಳು ಬೇಕು ಎನ್ನುವವರು, ಕೀಮೋ ಶುರುವಾಗುವ ಮೊದಲೇ ಆ ಮಾತು ಎತ್ತಬೇಕು. ಆಮೇಲೆ ತಡವಾಗಬಹುದು.

ಈ ನಡುವೆ ಜ್ವರ 38 ಡಿಗ್ರಿ ದಾಟಿದರೆ, ಉಸಿರು ಕಟ್ಟಿದರೆ, ರಕ್ತ ನಿಲ್ಲದಿದ್ದರೆ, ಹೊಸದಾಗಿ ಜೋರು ಬೆನ್ನುನೋವು ಬಂದು ಕಾಲು ಸೋತರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ಕಾಯಬೇಡಿ. ನೇರ ತುರ್ತು ವಿಭಾಗಕ್ಕೆ ಹೋಗಿ.

ಮಗಳಿಗೆ ಹೇಳಿ. ಈ ವಾರವೇ. 14 ವರ್ಷದ ಹುಡುಗಿಗೆ ಏನೋ ಆಗಿದೆ ಎಂದು ಈಗಾಗಲೇ ಗೊತ್ತಿರುತ್ತದೆ. ನಲ್ಲಿಯ ಸದ್ದು ಅವಳಿಗೂ ಕೇಳುತ್ತದೆ. ಹೇಳದಿದ್ದರೆ ನಿಜಕ್ಕಿಂತ ದೊಡ್ಡದನ್ನು ಅವಳೇ ಊಹಿಸಿಕೊಳ್ಳುತ್ತಾಳೆ. "ಅಮ್ಮನಿಗೆ ಹುಷಾರಿಲ್ಲ" ಎಂದು ಸುತ್ತಿ ಬಳಸಬೇಡಿ, ಕ್ಯಾನ್ಸರ್ ಎಂಬ ಹೆಸರನ್ನೇ ಹೇಳಿ. ಇದು ಮುಟ್ಟಿದರೆ ಅಂಟುವುದಿಲ್ಲ. ಅವಳು ಜಗಳವಾಡಿದ್ದಕ್ಕೆ ಬಂದದ್ದಲ್ಲ. "ನಾನು ಆಸ್ಪತ್ರೆಯಲ್ಲಿರುವಾಗ ನಿನ್ನ ಜೊತೆ ಇಂಥವರು ಇರುತ್ತಾರೆ." ಇಷ್ಟು ಗೊತ್ತಾಗಬೇಕು. "ಅಮ್ಮಾ, ನೀನು ಸಾಯ್ತೀಯಾ?" ಎಂದು ಕೇಳಿದರೆ ನಾನು ಮನೆಯವರಿಗೆ ಕಲಿಸುವ ಉತ್ತರ ಇದು: "ಇದಕ್ಕೆ ಒಳ್ಳೆ ಔಷಧಿ ಇದೆ, ನಾನು ತಗೋತೀನಿ. ಏನಾದರೂ ಬದಲಾದರೆ ನಿನಗೆ ಮುಚ್ಚಿಡದೆ ಹೇಳ್ತೀನಿ." ಈ ಮಾತನ್ನು ನೀವು ಉಳಿಸಿಕೊಳ್ಳಬಲ್ಲಿರಿ.

ಕೊನೆಗೆ ನಿಮ್ಮ ಹೊಲಿಗೆ. ಮುಗಿಸಿ ಏನಾಗಬೇಕು ಎಂದು ಕೇಳಿದ್ದೀರಿ. ಆಪರೇಷನ್ ಆದ ಮೇಲೆ ಸ್ವಲ್ಪ ದಿನ ಎಡಗೈಯನ್ನು ತಲೆಯ ಮೇಲೆ ಎತ್ತಲು ಆಗುವುದಿಲ್ಲ. ತಲೆಯಿಂದ ಹಾಕಿಕೊಳ್ಳುವ ಬಟ್ಟೆ ಆಗ ದೊಡ್ಡ ಕಷ್ಟ. ಕೀಮೋಗಾಗಿ ಎದೆಯ ಮೇಲ್ಭಾಗದಲ್ಲಿ ಪೋರ್ಟ್ (ಔಷಧಿ ಹೋಗಲು ಚರ್ಮದಡಿ ಇಡುವ ಪುಟ್ಟ ಸಾಧನ) ಕೂರಿಸಿದರೂ ಅಷ್ಟೇ, ಕೊರಳ ಹತ್ತಿರ ತೆರೆಯುವ ಬಟ್ಟೆಯೇ ಬೇಕು. ಆ ಅರ್ಧ ಹೊಲಿದವುಗಳಲ್ಲಿ ಮುಂದೆ ಗುಂಡಿ ಇರುವ, ತೋಳು ಸಡಿಲ ಇರುವ ಹತ್ತಿಯ ಅಂಗಿ ಒಂದಾದರೂ ಇದ್ದರೆ ಮೊದಲು ಅದನ್ನೇ ಮುಗಿಸಿ. ಗುಂಡಿ ಸ್ವಲ್ಪ ದೊಡ್ಡದು ಹಾಕಿ, ಒಂದೇ ಕೈಯಲ್ಲಿ ಬಿಚ್ಚಲು ಬರಬೇಕು. ಒಳಗಡೆ ಎರಡು ಜೇಬು ಇಡಿ. ಆಪರೇಷನ್ ಆದ ಮೇಲೆ ನೀರು ಹೋಗಲೆಂದು ಕೊಳವೆ ಇಟ್ಟು ಮನೆಗೆ ಕಳಿಸಿದರೆ, ಅದರ ಸಣ್ಣ ಬಾಟಲಿಯನ್ನು ಎಲ್ಲಿ ಸಿಕ್ಕಿಸಿಕೊಳ್ಳುವುದು ಎಂದು ಎಲ್ಲರೂ ಒದ್ದಾಡುತ್ತಾರೆ.